ಹನ್ನೊಂದು ಮುಖಗಳು



ಬೀದರದ ನಮ್ಮ ಮನೆಗೆ ಇತ್ತೀಚೆಗೆ ಬಂದುಹೋದವರೆಲ್ಲರೂ ನಡುಮನೆಯ ಗೋಡೆಯ ಮೇಲಿರುವ ತೈಲಚಿತ್ರವನ್ನು ನೋಡಿ, “ಸರ್, ಇದನ್ನು ಎಲ್ಲಿಂದ ತರಿಸಿದಿರಿ?” ಎಂದು ಕೇಳಿದ್ದೀರಿ. ನಾನೇ ಬರೆದದ್ದು ಎಂದಾಗ ಕೆಲವರು ನಕ್ಕಿರಿ. ಕೆಲವರು ಹತ್ತಿರ ಹೋಗಿ ನೋಡಿ, ನಕ್ಕದ್ದಕ್ಕೆ ಕ್ಷಮೆ ಕೇಳಿದಿರಿ. ಇನ್ನೂ ಹತ್ತಿರ ಹೋದವರು ವೀಣೆ ಹಿಡಿದವಳ ಬಲಗೈಯ ಬೆರಳುಗಳನ್ನು ಎಣಿಸಿ ಮತ್ತೆ ನಕ್ಕಿರಿ. ಆ ಚಿತ್ರದ ಹಿಂದೆ ಒಂದು ದೊಡ್ಡ ಇತಿಹಾಸವಿದೆ. ನನ್ನದೇ ಆದ ಒಂದು ಸಣ್ಣ ಇತಿಹಾಸವೂ ಇದೆ. ಎರಡನ್ನೂ ಒಮ್ಮೆ ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಈ ಚಿತ್ರ ನನ್ನ ಕಲ್ಪನೆಯದಲ್ಲ, ನಕಲು. ರಾಜಾ ರವಿವರ್ಮರು 1889ರಲ್ಲಿ ರಚಿಸಿದ, ಈಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ಎಂಬ ಚಿತ್ರದ ನಕಲು. ಹನ್ನೊಂದು ಮಂದಿ ಹೆಂಗಸರು ಸಂಗೀತಗೋಷ್ಠಿಗೆ ಕುಳಿತ, ನಿಂತ ಚಿತ್ರವದು. ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಕಲು ಹಿಡಿದ ಮೇಷ್ಟ್ರು ನಿವೃತ್ತಿಯಾದ ಮೇಲೆ ತಾವೇ ನಕಲು ಮಾಡಲು ಕುಳಿತರಲ್ಲ ಎಂದು ನೀವು ಹಾಸ್ಯ ಮಾಡಬಹುದು. ಆ ಹಾಸ್ಯಕ್ಕೆ ನಾನು ಅರ್ಹನೇ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಭಾಲ್ಕಿಯ ಗೋಡೆ, ಮೈಸೂರಿನ ಗೋಡೆ

ನಾನು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಕಟ್ಟು ಹಾಕಿಸಿದ ಎರಡು ಚಿತ್ರಗಳಿದ್ದವು: ಕಮಲದ ಮೇಲೆ ನಿಂತ ಲಕ್ಷ್ಮಿ ಮತ್ತು ವೀಣಾಪಾಣಿಯಾದ ಸರಸ್ವತಿ. ಊದುಬತ್ತಿಯ ಹೊಗೆಗೆ ಗಾಜು ಹಳದಿಯಾಗಿತ್ತು. ಅವು ರವಿವರ್ಮರ ಚಿತ್ರಗಳ ಅಚ್ಚುಪ್ರತಿಗಳೆಂದು ನನಗೆ ತಿಳಿದದ್ದು ಬಿ.ಎ. ಓದುವಾಗ. 1894ರಲ್ಲಿ ಮುಂಬಯಿಯಲ್ಲಿ ಅವರು ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಕೆಲವು ವರ್ಷಗಳ ನಂತರ ಅದು ಲೋಣಾವಳದ ಹತ್ತಿರದ ಮಳವಲಿಗೆ ಸ್ಥಳಾಂತರಗೊಂಡಿತು. ಅಲ್ಲಿಂದ ಹೊರಟ ದೇವರ ಪಟಗಳು ಭಾರತದ ಊರೂರಿಗೂ ತಲುಪಿದವು. ಅರಸರ ಗೋಡೆಗೆ ಮಾತ್ರ ಮೀಸಲಾಗಿದ್ದ ತೈಲಚಿತ್ರ ಹೀಗೆ ಒಕ್ಕಲುಮಕ್ಕಳ ಜಗಲಿಗೂ ಬಂದಿತು. ಜನರ ಮನಸ್ಸಿನ ಲಕ್ಷ್ಮಿಗೆ ಇಂಥದೇ ಮುಖ, ಇಂಥದೇ ಸೀರೆ ಎಂದು ನಿಶ್ಚಯವಾದದ್ದೂ ಬಹುಮಟ್ಟಿಗೆ ಆ ಪಟಗಳಿಂದಲೇ.

ರವಿವರ್ಮರ ಮೂಲಚಿತ್ರಗಳನ್ನು ನಾನು ಮೊದಲು ನೋಡಿದ್ದು 1998ರಲ್ಲಿ, ಶಾಲಾ ಮಕ್ಕಳನ್ನು ಮೈಸೂರಿಗೆ ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ದಾಗ. ಭಾಲ್ಕಿಯಿಂದ ಮೈಸೂರೆಂದರೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ. ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ, ಅದು ಚಿತ್ರಶಾಲೆಯಾದದ್ದು 1915ರಲ್ಲಿ ಎಂಬ ಇಸವಿಗಳನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದೆ. ಒಳಹೊಕ್ಕ ಮಕ್ಕಳು ಬೊಂಬೆ ಸೈನಿಕರು ಮೆರವಣಿಗೆ ಹೋಗುವ ಫ್ರೆಂಚ್ ಗಡಿಯಾರದ ಮುಂದೆ ನಿಂತುಬಿಟ್ಟರು. ಆನಂತರ ಎಲ್ಲರೂ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನೆರೆದರು. ಅದು ರವಿವರ್ಮರದೆಂದೇ ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಎಸ್.ಎಲ್. ಹಲ್ದಣಕರ್ ಅವರ ಕೃತಿ, ತೈಲಚಿತ್ರವೂ ಅಲ್ಲ, ಜಲವರ್ಣದ್ದು. ಹನ್ನೊಂದು ಸಂಗೀತಗಾರ್ತಿಯರ ಮುಂದೆ ನಾನು ಅರ್ಧ ನಿಮಿಷವೂ ನಿಲ್ಲಲಿಲ್ಲ. ಐವತ್ತೆರಡು ಮಕ್ಕಳ ತಲೆ ಎಣಿಸುವುದೇ ನನ್ನ ಕೆಲಸವಾಗಿತ್ತು. ‘ತಲೆ ಎಣಿಸುವುದು’ ಎಂಬ ಈ ಮಾತನ್ನು ನೆನಪಿನಲ್ಲಿಡಿರಿ.

ನೋಡಿ ಕಲಿತ ಗುರು

ರವಿವರ್ಮರು ತೈಲಚಿತ್ರವನ್ನು ಕಲಿತ ಬಗೆ ಪ್ರತಿಯೊಬ್ಬ ಶಿಕ್ಷಕನೂ ತಿಳಿಯಬೇಕಾದ ಕಥೆ. 1848ರ ಏಪ್ರಿಲ್ 29ರಂದು ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಅವರ ಜನನ. ಸೋದರಮಾವ ರಾಜರಾಜವರ್ಮರೇ ಮೊದಲ ಗುರು. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ತಿರುವನಂತಪುರದ ಅರಮನೆಯನ್ನು ಸೇರಿದ. ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯ ದೊರೆಯಿತು. ಆದರೆ ತೈಲವರ್ಣದ ವಿದ್ಯೆ ಮಾತ್ರ ದೊರೆಯಲಿಲ್ಲ. ಅದು ಆಗ ನಮ್ಮ ದೇಶದಲ್ಲಿ ಹೊಸ ವಿದ್ಯೆ. ಬಲ್ಲವರು ಬೆರಳೆಣಿಕೆಯವರು, ಅವರೂ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು. ಆಸ್ಥಾನದ ಚಿತ್ರಕಾರ ಕಲಿಸಲು ಒಪ್ಪಲಿಲ್ಲವೆಂದೂ, ಅವನ ಶಿಷ್ಯ ಆರುಮುಗಂ ಪಿಳ್ಳೆ ಎಂಬವನು ರಾತ್ರಿಯ ಹೊತ್ತು ಕದ್ದುಬಂದು ಹುಡುಗನಿಗೆ ಬಣ್ಣ ಬೆರೆಸುವ ಕ್ರಮವನ್ನು ತಿಳಿಸಿಕೊಟ್ಟನೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ.

1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರ ಮಹಾರಾಜರ ಭಾವಚಿತ್ರ ಬರೆಯಲು ಬಂದ. ಅವನೂ ಕಲಿಸಲು ಒಪ್ಪಲಿಲ್ಲ. ತಾನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಬಹುದು ಎಂದಷ್ಟೇ ಅನುಮತಿ ಕೊಟ್ಟ. ಇಪ್ಪತ್ತರ ಯುವಕ ರವಿವರ್ಮ ನೋಡಿದ. ಯಾವ ಬಣ್ಣ ಮೊದಲು, ಯಾವುದು ನಂತರ, ಕುಂಚ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಜ್ಜುತ್ತದೆ ಎಂಬುದನ್ನೆಲ್ಲ ಕಣ್ಣಿನಿಂದಲೇ ಓದಿಕೊಂಡ. ಐದೇ ವರ್ಷಗಳಲ್ಲಿ, ಅಂದರೆ 1873ರಲ್ಲಿ, ಮಲ್ಲಿಗೆ ಮುಡಿಯುತ್ತಿರುವ ನಾಯರ್ ಸ್ತ್ರೀಯ ಅವನ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾದಲ್ಲಿಯೂ ಬಹುಮಾನ ದೊರೆಯಿತು.

ಏಕಲವ್ಯನಾದರೂ ಗುರುವಿನ ಪ್ರತಿಮೆಯನ್ನು ಮಾಡಿಕೊಂಡು ಅಭ್ಯಾಸ ಮಾಡಿದ. ಇಲ್ಲಿ ಕಣ್ಣೇ ಗುರು. ನೋಡಿ ಮಾಡುವುದನ್ನು ಕಲಾಲೋಕ ಎಂದೂ ಕಳ್ಳತನವೆಂದು ಎಣಿಸಿದ್ದಿಲ್ಲ. ಖ್ಯಾತಿಯ ಶಿಖರದಲ್ಲಿದ್ದ ರೂಬೆನ್ಸ್ 1628-29ರಲ್ಲಿ ಮ್ಯಾಡ್ರಿಡ್ಡಿನ ಅರಮನೆಯಲ್ಲಿ ಕುಳಿತು, ತನಗಿಂತ ಹಿಂದಿನ ಟಿಷಿಯನ್ನನ ಚಿತ್ರಗಳನ್ನು ವಿದ್ಯಾರ್ಥಿಯಂತೆ ನಕಲು ಮಾಡಿದ. ಆಗ ಅವನ ವಯಸ್ಸು ಐವತ್ತು ದಾಟಿತ್ತು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ 1793ರಲ್ಲಿ ತೆರೆದಾಗ, ನಕಲು ಮಾಡುವ ಕಲಾವಿದರಿಗೆಂದೇ ದಿನಗಳನ್ನು ಮೀಸಲಿಟ್ಟಿತ್ತು. ನಮ್ಮ ಬೀದರದ ಬಿದ್ರಿ ಕಾರ್ಖಾನೆಗಳಲ್ಲಿಯೂ ಇದೇ ಪದ್ಧತಿ. ಹುಡುಗ ಮೊದಲು ಉಸ್ತಾದನ ಹೂಬಳ್ಳಿಯನ್ನು ನೂರು ಸಲ ತಿದ್ದುತ್ತಾನೆ. ತನ್ನ ಬಳ್ಳಿ ಬರುವುದು ಆಮೇಲೆ.

ಅಗಸೆಯ ಎಣ್ಣೆ

ತೈಲಚಿತ್ರವೆಂದರೆ ನಮಗೆ ಸಂಬಂಧವಿಲ್ಲದ ವಿಲಾಯತಿ ವಿದ್ಯೆ ಎಂದು ನಾನು ಬಹುಕಾಲ ತಿಳಿದಿದ್ದೆ. ಮೊದಲ ಸಲ ಅಂಗಡಿಯಿಂದ ಬಣ್ಣದ ಎಣ್ಣೆ ತಂದು ಬಿರಡೆ ತೆರೆದಾಗ ಬಂದ ವಾಸನೆ ನನ್ನನ್ನು ನೇರವಾಗಿ ನಮ್ಮ ಅವ್ವನ ಅಡುಗೆಮನೆಗೆ ಕರೆದೊಯ್ದಿತು. ಅದು ಅಗಸೆ ಎಣ್ಣೆ! ಹುರಿದು, ಕುಟ್ಟಿ, ಬೆಳ್ಳುಳ್ಳಿ ಖಾರ ಬೆರೆಸಿ, ಜೋಳದ ರೊಟ್ಟಿಯೊಂದಿಗೆ ನಾವು ತಿನ್ನುವ ಅಗಸೆ ಹಿಂಡಿಯ ಅದೇ ಅಗಸೆ. ನಮ್ಮ ಕಪ್ಪು ಹೊಲಗಳಲ್ಲಿ ಹಿಂಗಾರಿಗೆ ನೀಲಿ ಹೂ ಬಿಡುವ ಗಿಡ. ರವಿವರ್ಮರ ಸೀರೆಗಳ ನೆರಿಗೆಯೂ ಅವ್ವನ ಬುತ್ತಿಯೂ ಒಂದೇ ಬೀಜದಿಂದ ಬಂದವುಗಳೆಂದು ತಿಳಿದು ಬಹಳ ಸಂತೋಷವಾಯಿತು.

ಈ ಎಣ್ಣೆಯ ಗುಣ ವಿಚಿತ್ರವಾದದ್ದು. ನೀರು ಆವಿಯಾಗಿ ಒಣಗುತ್ತದೆ, ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ಆದ್ದರಿಂದ ಬಣ್ಣ ಹಲವು ದಿನ ಹಸಿಯಾಗಿರುತ್ತದೆ. ಕೆನ್ನೆಯ ನೆರಳನ್ನು ಬೆಳಕಿನೊಳಗೆ ನಿಧಾನವಾಗಿ ಕರಗಿಸಬಹುದು, ತಪ್ಪಾದರೆ ಒರೆಸಬಹುದು. ತಪ್ಪನ್ನು ತಿದ್ದಲು ಇಷ್ಟು ಸಮಯ ಕೊಡುವ ಮಾಧ್ಯಮ ಶಿಕ್ಷಕನಿಗೆ ಪ್ರಿಯವಾದದ್ದು ಆಶ್ಚರ್ಯವಲ್ಲ.

ಯುರೋಪಿನಲ್ಲಿ ಈ ವಿದ್ಯೆಯನ್ನು ವಾನ್ ಐಕ್ ಸೋದರರು ಕಂಡುಹಿಡಿದರೆಂದು ಹಿಂದೆ ಬರೆಯುತ್ತಿದ್ದರು. ಅದು ಸರಿಯಲ್ಲ. ಅವರು ಅದನ್ನು ಪರಿಪೂರ್ಣತೆಗೆ ತಂದವರು. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಏಳನೆಯ ಶತಮಾನದ ಗೋಡೆಚಿತ್ರಗಳಲ್ಲಿಯೇ ಒಣಗುವ ಎಣ್ಣೆಗಳ ಬಳಕೆಯಾಗಿರುವುದನ್ನು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ವಾನ್ ಐಕ್ ಸೋದರರ ಮಹಾಕೃತಿ, ಬೆಲ್ಜಿಯಂನ ಘೆಂಟ್ ನಗರದ ಚರ್ಚಿನ ವೇದಿಕೆಚಿತ್ರ, ಪೂರ್ಣಗೊಂಡದ್ದು 1432ರಲ್ಲಿ. ಆ ದಶಕದಲ್ಲಿ ನಮ್ಮ ಬೀದರ ಬಹಮನಿ ಸುಲ್ತಾನರ ಹೊಸ ರಾಜಧಾನಿಯಾಗಿತ್ತು. 1436ರಲ್ಲಿ ತೀರಿಕೊಂಡ ಅಹಮದ್ ಷಾ ವಲಿಯ ಗೋರಿ ಅಷ್ಟೂರಿನಲ್ಲಿದೆ. ಅದರ ಒಳಗೋಡೆ ಮತ್ತು ಗುಮ್ಮಟದ ತುಂಬ ಕೆಂಪು, ನೀಲಿ, ಹಸಿರು ಹಾಗೂ ಚಿನ್ನದ ಬಣ್ಣಗಳಲ್ಲಿ ಬಳ್ಳಿಗಳೂ ಅಕ್ಷರಗಳೂ ತುಂಬಿಕೊಂಡಿವೆ. ಅಲ್ಲಿ ಘೆಂಟ್‌ನಲ್ಲಿ ನೂರಾರು ಮುಖಗಳು, ಇಲ್ಲಿ ಅಷ್ಟೂರಿನಲ್ಲಿ ಒಂದೂ ಮುಖವಿಲ್ಲದ ಅಪಾರ ಸೌಂದರ್ಯ. ಒಂದೇ ಕಾಲದಲ್ಲಿ ಎರಡು ಕಡೆಯ ಕೈಗಳು ಬಣ್ಣವನ್ನು ಎರಡು ದಾರಿಗಳಲ್ಲಿ ನಡೆಸಿದವು. ಅಷ್ಟೂರಿನ ಉರುಸಿಗೆ ಹಿಂದೂ ಮುಸಲ್ಮಾನರಿಬ್ಬರೂ ಸೇರುವುದನ್ನು ನೀವೆಲ್ಲ ಬಲ್ಲಿರಿ. ಮುಂದಿನ ಸಲ ಹೋದಾಗ ತಲೆಯೆತ್ತಿ ಗುಮ್ಮಟವನ್ನು ನೋಡಿರಿ.

ಔರಾದದ ಒಂಬತ್ತನೆಯ ‘ಬಿ’

2020ರ ಮೇ 31ರಂದು ನಾನು ನಿವೃತ್ತನಾದೆ. ಬೀಳ್ಕೊಡುಗೆಯ ಸಮಾರಂಭವಿಲ್ಲ, ಹಾರವಿಲ್ಲ, ಬಾಗಿಲು ಮುಚ್ಚಿದ ಶಾಲೆಯಲ್ಲಿ ಮುಖಗವಸು ಹಾಕಿಕೊಂಡು ಸಹಿ ಮಾಡಿ ಬಂದೆ. ಮನೆಯಲ್ಲಿ ಕುಳಿತು ಹೊತ್ತು ಹೋಗದಿದ್ದಾಗ ಮಗಳು ಬಣ್ಣದ ಪೆಟ್ಟಿಗೆಯನ್ನೂ ಈ ಚಿತ್ರದ ದೊಡ್ಡ ಮುದ್ರಿತ ಪ್ರತಿಯನ್ನೂ ತರಿಸಿಕೊಟ್ಟಳು. ಮೊದಲ ಪ್ರಯತ್ನ ಸಂಪೂರ್ಣ ವಿಫಲವಾಯಿತು. ಬಣ್ಣಕ್ಕೆ ಎಣ್ಣೆ ಹೆಚ್ಚಾಗಿ ಮೇಲ್ಪದರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಎರಡನೆಯದರ ಮೇಲೆ ಬೇಸಿಗೆಯ ಗಾಳಿಯ ಕೆಮ್ಮಣ್ಣಿನ ಧೂಳೆಲ್ಲ ಕೂತಿತು. ಮೂರನೆಯದರಲ್ಲಿ ಹನ್ನೊಂದು ಹೆಂಗಸರೂ ಅಕ್ಕತಂಗಿಯರಂತೆ, ಅದೂ ನನ್ನ ಅಕ್ಕತಂಗಿಯರಂತೆ ಕಂಡರು.

2021ರ ದೀಪಾವಳಿಯ ಸುಮಾರಿಗೆ ನಮ್ಮ ಓಣಿಯ ಗುಡಿಯ ಕಮಾನಿಗೆ ಒಬ್ಬರು ಬಣ್ಣ ಬರೆಯುತ್ತಿದ್ದರು. ನಾನು ಪ್ರತಿದಿನ ಹೋಗಿ ನಿಂತು ನೋಡುತ್ತಿದ್ದೆ. ಮೂರನೆಯ ದಿನ ಅವರು ಅಟ್ಟಣಿಗೆಯಿಂದ ಇಳಿದುಬಂದು ಕಾಲಿಗೆ ನಮಸ್ಕರಿಸಿ, “ಗುರ್ತು ಸಿಗಲಿಲ್ಲೇನ್ರಿ ಸರ್? ಔರಾದ, ಒಂಬತ್ತನೇ ಬಿ” ಎಂದರು. ನನಗೆ ಗುರುತು ಸಿಕ್ಕಿರಲಿಲ್ಲ. ಹೆಸರು ಹೇಳಿದ ಮೇಲೆ ಮಾತ್ರ ಒಂದು ಘಟನೆ ನೆನಪಾಯಿತು, ಮುಖ ಆಗಲೂ ನೆನಪಾಗಲಿಲ್ಲ.

ಆ ಘಟನೆ 1994ರದು. ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜಯನಗರದ ಆಡಳಿತ ಪದ್ಧತಿಯ ಟಿಪ್ಪಣಿಯನ್ನು ಹೇಳಿ ಬರೆಸುತ್ತಿದ್ದೆ. ಕೊನೆಯ ಸಾಲಿನ ಹುಡುಗನೊಬ್ಬ ಬರೆಯದೆ ಏನನ್ನೋ ಗೀಚುತ್ತಿದ್ದ. ಹೋಗಿ ನೋಡಿದರೆ ಇತಿಹಾಸದ ನೋಟ್‌ಪುಸ್ತಕದ ನಡುವಿನ ಎರಡು ಪುಟಗಳ ತುಂಬ ಅನುಭವ ಮಂಟಪದ ಚಿತ್ರ! ಅಮರೇಶ್ವರ ಜಾತ್ರೆಯಲ್ಲಿ ಕೊಂಡ ಕ್ಯಾಲೆಂಡರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಶೂನ್ಯ ಸಿಂಹಾಸನದ ಮೇಲೆ ಅಲ್ಲಮಪ್ರಭು, ಸುತ್ತಲೂ ಶರಣರ ಸಾಲು. “ಇದೇನು, ಕ್ಯಾಲೆಂಡರ್ ನಕಲು ಹೊಡೆಯಲು ಶಾಲೆಗೆ ಬರುತ್ತೀಯೋ?” ಎಂದು ಗದರಿಸಿ ಆ ಹಾಳೆಗಳನ್ನು ಹರಿದು ಹಾಕಿದೆ. ತರಗತಿ ನಕ್ಕಿತು. ಪಾಠ ಮುಂದುವರಿಯಿತು. ಹನ್ನೆರಡನೆಯ ಶತಮಾನದ ಕಲ್ಯಾಣ ನಮ್ಮ ಜಿಲ್ಲೆಯ ಹೆಮ್ಮೆ ಎಂದು ಭಾಷಣ ಮಾಡುವ ಇತಿಹಾಸದ ಮೇಷ್ಟ್ರು, ಆ ಕಲ್ಯಾಣವನ್ನೇ ಬರೆಯಲು ಹೊರಟ ಹುಡುಗನ ಪುಟವನ್ನು ಹರಿದಿದ್ದೆ.

ಹತ್ತನೆಯ ತರಗತಿ ಮುಗಿಸಿ ಆ ಹುಡುಗ ಬೀದರಕ್ಕೆ ಬಂದು ಫಲಕ ಬರೆಯುವವರ ಬಳಿ ಕೆಲಸಕ್ಕೆ ಸೇರಿದನಂತೆ. ನಮ್ಮ ಜಿಲ್ಲೆಯಲ್ಲಿ ಫಲಕ ಬರೆಯುವುದು ಸಾಮಾನ್ಯ ವಿದ್ಯೆಯಲ್ಲ. ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್ ನಾಲ್ಕೂ ಕೈಗೆ ಬರಬೇಕು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಿಮಗೆಲ್ಲ ಪಾಠದಲ್ಲಿ ಹೇಳಿದ್ದೇನೆ. ಇಂಥ ಊರಿನಲ್ಲಿ ಫಲಕಕ್ಕೂ ಒಂದು ಚರಿತ್ರೆಯಿದೆ. ಮುಂದೆ ಫ್ಲೆಕ್ಸ್ ಬಂದು ಕೈಬರಹದ ಫಲಕದ ಕೆಲಸ ತೀರಿತು. ಈಗ ಅವರು ಗುಡಿ, ಶಾಲೆಯ ಗೋಡೆ, ಲಾರಿಗಳಿಗೆ ಬರೆಯುತ್ತಾರೆ. ಕಲಬುರಗಿಯ ಎಸ್.ಎಂ. ಪಂಡಿತರ (1916-1993) ದೇವರ ಚಿತ್ರಗಳನ್ನು ಮುಂದಿಟ್ಟುಕೊಂಡು, ವರ್ಷಗಟ್ಟಲೆ ನಕಲು ಮಾಡಿ, ತೈಲವರ್ಣವನ್ನು ತಾವೇ ಕಲಿತಿದ್ದಾರೆ.

ಮನೆಗೆ ಕರೆದು ನನ್ನ ಮೂರು ಕ್ಯಾನ್ವಾಸುಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಸರ್, ಬೆಳಕು ಯಾವ ಕಡಿಂದ ಬರ್ಲತ್ತದ, ಅದು ಮದಲ ನೋಡ್ರಿ. ಮಾರಿ ಆಮ್ಯಾಗ” ಎಂದರು. ಅಂದಿನಿಂದ ಅವರು ನನ್ನ ಗುರು. ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ, ಜೋಳದ ರೊಟ್ಟಿ, ಅಗಸೆ ಹಿಂಡಿಯ ಊಟ ಮಾತ್ರ ಒಪ್ಪಿದರು.

ಕಲಿತ ಕ್ರಮ

ನಿಮ್ಮಲ್ಲಿ ಯಾರಿಗಾದರೂ ಪ್ರಯೋಜನವಾದೀತೆಂದು ಕ್ರಮವನ್ನು ಹೇಳುತ್ತೇನೆ. ಮುದ್ರಿತ ಪ್ರತಿಯ ಮೇಲೆ ಒಂದು ಅಂಗುಲದ ಚೌಕಗಳನ್ನೂ, ಕ್ಯಾನ್ವಾಸಿನ ಮೇಲೆ ಎರಡು ಅಂಗುಲದ ಚೌಕಗಳನ್ನೂ ಎಳೆದೆವು. ಒಂದೊಂದೇ ಚೌಕದಲ್ಲಿರುವ ಗೆರೆಯನ್ನಷ್ಟೇ ನೋಡಿ ಇಳಿಸಬೇಕು. ಆಗ ಇದು ಮೂಗು, ಇದು ಕಿವಿ ಎಂಬ ನಮ್ಮ ಪೂರ್ವಗ್ರಹ ಅಡ್ಡ ಬರುವುದಿಲ್ಲ, ಕಣ್ಣು ಕಂಡದ್ದನ್ನೇ ಕೈ ಬರೆಯುತ್ತದೆ. ಅನಂತರ ಇಡೀ ಚಿತ್ರವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿದ ಕಂದು ಬಣ್ಣವೊಂದರಲ್ಲೇ, ಬರಿ ನೆಳಲು-ಬೆಳಕಾಗಿ ಬರೆಯಬೇಕು. ಅದು ಪೂರ್ತಿ ಒಣಗಿದ ಮೇಲೆಯೇ ಮೈಬಣ್ಣ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲುಮೇಲಕ್ಕೆ ಹೆಚ್ಚು, ಇದು ಮೀರಬಾರದ ನಿಯಮ. ತಿರುಗಿಸಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಅಲುಗಿ, ಕಾಲಾಂತರದಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿರಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿಯಿಂದ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು.

ಹಿನ್ನೆಲೆಯ ಕತ್ತಲೆಯನ್ನು ನಾನು ಕಪ್ಪು ಬಣ್ಣದಿಂದ ಮುಚ್ಚಲು ಹೊರಟಾಗ ಗುರುಗಳು ತಡೆದರು. ನೆರೆಮನೆಯ ಬಿದ್ರಿ ಕುಶಲಕರ್ಮಿಯೊಬ್ಬರು ಅಲ್ಲೇ ಕುಳಿತಿದ್ದರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದನ್ನು ಕಪ್ಪಾಗಿಸುವ ಮನೆತನದವರು. “ಕಪ್ಪು ಮೇಲೆ ಬಳಿಯೋದಲ್ಲ ಮಾಸ್ತರ್ ಸಾಬ್, ಒಳಗಿಂದ ಬರಬೇಕು. ಆಗ ಚಾಂದಿ ಮಾತಾಡ್ತದ” ಎಂದರು. ಆಮೇಲೆ ಕಂದು, ನೀಲಿ, ಕಡುಗೆಂಪುಗಳನ್ನು ಒಂದರ ಮೇಲೊಂದು ತೆಳ್ಳಗೆ ಹಚ್ಚಿ ಕತ್ತಲೆಯನ್ನು ತಂದೆವು. ಒಡವೆಗಳು ತಾವಾಗಿಯೇ ಮಿನುಗತೊಡಗಿದವು.

ಯಾರೂ ಯಾರನ್ನೂ ನೋಡುವುದಿಲ್ಲ

ಇನ್ನು ಚಿತ್ರದ ವಿಚಾರ. 1885ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ರಾಜಮನೆತನದ ಭಾವಚಿತ್ರಗಳಿಗಾಗಿ ರವಿವರ್ಮರನ್ನು ಕರೆಸಿಕೊಂಡರು. ನಾಲ್ಕು ವರ್ಷಗಳ ತರುವಾಯ ಅದೇ ಮಹಾರಾಜರಿಗಾಗಿ ಈ ಚಿತ್ರ ಸಿದ್ಧವಾಯಿತು. ನಾಯರ್ ಸ್ತ್ರೀ ವೀಣೆ ನುಡಿಸುತ್ತಿದ್ದಾಳೆ. ಮುಸಲ್ಮಾನ ಕಲಾವಿದೆ, ಮರಾಠಿ ಮತ್ತು ತಮಿಳು ಹೆಂಗಸರು, ಪಾರ್ಸಿ ಮಹಿಳೆ, ಟೋಪಿ ಧರಿಸಿದ ಆಂಗ್ಲೋ-ಇಂಡಿಯನ್ ಮಹಿಳೆ, ಹೀಗೆ ದೇಶದ ಬೇರೆ ಬೇರೆ ಸೀಮೆ, ಜಾತಿ, ಮತಗಳವರು ಒಂದು ಕಡೆ ಸೇರಿದ್ದಾರೆ. 1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಿತ್ತು. ‘ಭಾರತೀಯರು’ ಎಂಬ ಒಂದು ಕುಟುಂಬವಿದೆಯೇ, ಇದ್ದರೆ ಅದು ಹೇಗೆ ಕಾಣುತ್ತದೆ ಎಂದು ವಿದ್ಯಾವಂತರು ಯೋಚಿಸುತ್ತಿದ್ದ ಕಾಲವದು. ಅದಕ್ಕೊಂದು ರೂಪವನ್ನು ಕೊಡಲು ಯತ್ನಿಸಿದ ಮೊದಲ ಚಿತ್ರಗಳಲ್ಲಿ ಇದೂ ಒಂದು. 1893ರಲ್ಲಿ ಚಿಕಾಗೋ ಪ್ರದರ್ಶನಕ್ಕೆ ರವಿವರ್ಮರು ಕಳುಹಿಸಿದ ಹತ್ತು ಚಿತ್ರಗಳ ವಸ್ತುವೂ ಭಾರತದ ವಿವಿಧ ಸಮುದಾಯಗಳ ಸ್ತ್ರೀಯರೇ.

ಈ ಚಿತ್ರವನ್ನು ಕುರಿತು ವಿಮರ್ಶಕರು ಎತ್ತುವ ಒಂದು ಆಕ್ಷೇಪವಿದೆ. ಹನ್ನೊಂದು ಮಂದಿ ಒಂದೇ ಕೋಣೆಯಲ್ಲಿದ್ದರೂ ಪರಸ್ಪರ ಸಂಬಂಧವಿಲ್ಲದಂತಿದ್ದಾರೆ. ಒಬ್ಬೊಬ್ಬಳನ್ನೂ ಬೇರೆಬೇರೆ ಕೂರಿಸಿ ಬರೆದು ಆಮೇಲೆ ಜೋಡಿಸಿದಂತಿದೆ, ಕಣ್ಣುಗಳು ಒಂದನ್ನೊಂದು ಸಂಧಿಸುವುದಿಲ್ಲ. ಓದುವಾಗ ನನಗೂ ಇದು ದೋಷವೆಂದೇ ತೋರಿತ್ತು. ಒಂದೊಂದು ಮುಖಕ್ಕೆ ಒಂದೊಂದು ತಿಂಗಳಂತೆ ಕುಳಿತು ಬರೆದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಆ ಆಕ್ಷೇಪ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಗುಂಪಿನ ಚಿತ್ರವನ್ನು ಗುಂಪಾಗಿ ಬರೆಯಲು ಬರುವುದಿಲ್ಲ. ಒಬ್ಬಳ ಹುಬ್ಬನ್ನು ಇನ್ನೊಬ್ಬಳಿಗೆ ಇಟ್ಟರೆ ಇಬ್ಬರೂ ಮಾಯವಾಗುತ್ತಾರೆ. ರವಿವರ್ಮರು ಹನ್ನೊಂದು ಜನರಿಗೂ ಅವರವರ ಬೆಳಕನ್ನು ಕೊಟ್ಟಿದ್ದಾರೆ.

ಇದನ್ನು ಬರೆಯುವಾಗ ಮೈಸೂರಿನದೇ ಇನ್ನೊಂದು ಹಳೆಯ ತೈಲಚಿತ್ರ ನೆನಪಿಗೆ ಬರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ಕೆಲಸ ಮಾಡಿದ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ, ಸುಮಾರು 1805ರಲ್ಲಿ ಮೂವರು ಸ್ತ್ರೀಯರ ಚಿತ್ರವನ್ನು ಬರೆದ. ಅವರು ನರ್ತಕಿಯರೆಂದು ಬಹುಕಾಲ ಜನ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅದನ್ನು ಎಚ್ಚರದಿಂದ ಪರಿಶೀಲಿಸಿದರು. ಒಬ್ಬಳ ಬಾಯಿ-ಮೂಗಿನ ಸುತ್ತ ಬಣ್ಣಗೆಟ್ಟ ಚರ್ಮವಿದೆ, ಇನ್ನೊಬ್ಬಳು ಸೀರೆ ಸರಿಸಿ ತೋಳನ್ನು ತೋರಿಸುವಂತಿದ್ದಾಳೆ. ಇವರು ಒಡೆಯರ ರಾಜಮನೆತನದ ಸ್ತ್ರೀಯರು, ಸಿಡುಬಿನ ಹೊಸ ಲಸಿಕೆಗೆ ಜನರ ಮನವೊಲಿಸಲು ಈ ಚಿತ್ರ ಬರೆಸಿದ್ದಿರಬೇಕು ಎಂದು ಅವರು ವಾದಿಸಿದರು. ಇನ್ನೂರು ವರ್ಷ ಎಲ್ಲರೂ ‘ಮೂವರು ಹೆಂಗಸರು’ ಎಂದು ದಾಟಿಹೋದಲ್ಲಿ ಒಬ್ಬರು ಒಂದೊಂದು ಮುಖದ ಮುಂದೆ ನಿಂತು ನೋಡಿದ್ದರಿಂದ ಇಷ್ಟು ದೊಡ್ಡ ಸಂಗತಿ ಹೊರಬಂದಿತು. ಲಸಿಕೆಗಾಗಿ ನಾವೂ ಸಾಲು ನಿಂತಿದ್ದ 2021ರಲ್ಲಿ ಇದನ್ನು ಓದಿದ್ದರಿಂದ ನನ್ನ ಮನಸ್ಸಿಗೆ ಹೆಚ್ಚು ನಾಟಿತು.

ಏಳನೆಯ ಮುಖ ಬರೆಯುತ್ತಿದ್ದ ಒಂದು ಭಾನುವಾರ ಧೈರ್ಯ ಮಾಡಿ ನನ್ನ ಗುರುಗಳಿಗೆ ಕೇಳಿದೆ: “ನಾನು ನಿನ್ನ ಚಿತ್ರ ಹರಿದದ್ದು ನೆನಪಿದೆಯೇನಪ್ಪಾ?” ಅವರು ಕುಂಚವನ್ನು ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೆಪ್ಪದರಿ ಸರ್. ಮನಿಗಿ ಹೋಗಿ ಮತ್ತ ಬರ್ದೆ. ಆದ್ರ ಎಲ್ಲಾ ಶರಣರಿಗೂ ಒಂದೇ ಮಾರಿ ಬಿತ್ತು. ಅದು ಸರಿ ಮಾಡ್ಕೋಬೇಕಂದ್ರ ಹತ್ತು ವರ್ಷ ಹಿಡೀತು” ಎಂದರು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನು ತಪ್ಪಾಯಿತು ಎಂದೆ. ಅವರು ತಲೆ ಅಲ್ಲಾಡಿಸಿ, ಪಾರ್ಸಿ ಮಹಿಳೆಯ ಕೆನ್ನೆಗೆ ಹಳದಿ ಹೆಚ್ಚಾಗಿದೆ ಎಂದು ತೋರಿಸಿದರು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶರಣರಿಗೆಲ್ಲ ಒಂದೇ ಮುಖ ಹಾಕಿದ್ದನ್ನು ಆ ಹುಡುಗ ಹತ್ತು ವರ್ಷ ದುಡಿದು ತಿದ್ದಿಕೊಂಡ. ನಾನು ಮೂವತ್ತನಾಲ್ಕು ವರ್ಷ ತರಗತಿಯ ಮುಂದೆ ನಿಂತೆ. ಹಾಜರಿ ಪುಸ್ತಕದ ಹೆಸರುಗಳು ಗೊತ್ತಿದ್ದವು, ಅಂಕಗಳು ಗೊತ್ತಿದ್ದವು. ಪ್ರವಾಸದಲ್ಲಿ ತಲೆ ಎಣಿಸಿ ಲೆಕ್ಕ ಸರಿಯಾದರೆ ಸಾಕೆಂದು ಬಸ್ಸು ಬಿಡಿಸುತ್ತಿದ್ದೆ. ಎಷ್ಟು ತರಗತಿಗಳಿಗೆ ನಾನೂ ಒಂದೇ ಮುಖವನ್ನು ಬರೆದಿದ್ದೆನೋ!

ಚಿತ್ರ ಮುಗಿದದ್ದು 2023ರ ಯುಗಾದಿಗೆ. ಕೆಳಗೆ ಎಡಮೂಲೆಯಲ್ಲಿ ‘ರಾಜಾ ರವಿವರ್ಮರ ಮೂಲವನ್ನು ನೋಡಿ ಬರೆದದ್ದು’ ಎಂದಿದೆ. ಆ ಅಕ್ಷರಗಳು ನನ್ನವಲ್ಲ, ನನ್ನ ಗುರುಗಳವು. ಆ ವರ್ಷವೇ ಮತ್ತೊಮ್ಮೆ ಮೈಸೂರಿಗೆ ಹೋಗಿದ್ದೆ. ಮೂಲದ ಮುಂದೆ ಒಂದು ಗಂಟೆ ನಿಂತೆ. ನನ್ನ ಚಿತ್ರದಲ್ಲಿ ತಪ್ಪಿದ ಕಡೆಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಒಟ್ಟು ನಲವತ್ತೊಂದು ತಪ್ಪುಗಳು. ವೀಣೆಯವಳ ಬೆರಳು ಅವುಗಳಲ್ಲಿ ಒಂದು.

ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ. ನಮ್ಮ ಶಾಲೆಗಳಲ್ಲಿ ಗುಂಪು ಫೋಟೊ ತೆಗೆಸುತ್ತಿದ್ದದ್ದು ಹತ್ತನೆಯ ತರಗತಿಗೆ ಮಾತ್ರ. 1994ರ ಔರಾದದ ಒಂಬತ್ತನೆಯ ‘ಬಿ’ ತರಗತಿಯ ಫೋಟೊ ಇಲ್ಲ. ಆ ವರ್ಷ ನನ್ನ ಮುಂದೆ ಕುಳಿತ ಐವತ್ತನಾಲ್ಕು ಮಕ್ಕಳಲ್ಲಿ, ಕಣ್ಣು ಮುಚ್ಚಿ ಎಷ್ಟು ಪ್ರಯತ್ನಿಸಿದರೂ, ಹದಿನೇಳು ಮುಖಗಳು 

ಮಾತ್ರ ಬರುತ್ತವೆ. ಇದನ್ನು ಓದುವವರಲ್ಲಿ ಆ ತರಗತಿಯವರು ಯಾರಾದರೂ ಇದ್ದರೆ, ಅಥವಾ ಅವರ ಪರಿಚಯವಿದ್ದರೆ, ಆ ಕಾಲದ ಒಂದು ಫೋಟೊವನ್ನು ಕಳುಹಿಸಿರಿ. ಪಾಸ್‌ಪೋರ್ಟ್ ಅಳತೆಯದಾದರೂ ಆದೀತು, ಮಾಸಿದ್ದರೂ ಚಿಂತೆಯಿಲ್ಲ. ಹೊಸ ಕ್ಯಾನ್ವಾಸ್ ಬಿಗಿದು ಇಟ್ಟಿದ್ದೇನೆ. ಚೌಕಗಳನ್ನೂ ಎಳೆದಾಗಿದೆ. ಈ ಸಲ ನೋಡಿ ಬರೆಯಲು ರವಿವರ್ಮರ ಮೂಲವಿಲ್ಲ. ನೀವೇ ಮೂಲ.